ಪೂಲ್ (ಬಿಲಿಯರ್ಡ್ಸ್ ಥರದ ಟೇಬಲ್ ಆಟ) ಆಡುವಾಗ ಗ್ಲೌಸ್ ಹಾಕಬೇಕಾ?

ಕೈ ಬೆವರುವವರು ಹಾಕಿ, ಉಳಿದವರು ಮೊದಲು ಕೈ ತೊಳೆದು ನೋಡಿ. ತಮಾಷೆ ಅಲ್ಲ. ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಬೆರಳಿಗೆ ಅಂಟೋದಕ್ಕೆ ಬೆವರಿನ ಜೊತೆಗೆ ಅದರ ತುದಿಗೆ ಹಚ್ಚುವ ಚಾಕ್ ಉದುರಿ ಕೋಲಿನ ಮೇಲೆ ಕೂತ ಪುಡಿ, ಕೈ ಜಿಡ್ಡು ಕೂಡ ಕಾರಣ. ಕ್ಯೂವನ್ನು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಉಜ್ಜಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕ್ಯೂ ಮುಂಭಾಗಕ್ಕೆ ಆಸರೆಯಾಗಿ ಟೇಬಲ್ ಮೇಲೆ ಕೈ ಊರುವುದಕ್ಕೆ ಬ್ರಿಡ್ಜ್ ಅಂತಾರೆ. ತೋರುಬೆರಳನ್ನು ಉಂಗುರದ ಹಾಗೆ ಕ್ಯೂ ಸುತ್ತ ಸುತ್ತುವ ಕ್ಲೋಸ್ಡ್ ಬ್ರಿಡ್ಜ್ ನಿಮ್ಮದಾದರೆ ಗ್ಲೌಸಿನ ಲಾಭ ಜಾಸ್ತಿ, ಯಾಕೆಂದರೆ ಅಲ್ಲಿ ಚರ್ಮ ಸುತ್ತಲೂ ತಾಗುತ್ತದೆ. ಬೆರಳು ಸುತ್ತದೆ ಕ್ಯೂವನ್ನು ಕೈ ಮೇಲೆ ಇಟ್ಟು ಆಡುವ ಓಪನ್ ಬ್ರಿಡ್ಜ್‌ನಲ್ಲಿ ಉಜ್ಜಾಟ ಕಡಿಮೆ, ಆದರೂ ಮೆಲ್ಲಗೆ ಹೊಡೆಯುವ ಶಾಟ್‌ನಲ್ಲಿ ಕ್ಯೂ ಚೂರು ತಡೆದರೂ ಸಾಕು, ಬಿಳಿ ಚೆಂಡು ಎಲ್ಲೋ ಹೋಗಿ ನಿಲ್ಲುತ್ತದೆ, ನಾವು ಸುಮ್ನೆ ಗುರಿಯನ್ನು ಬೈದುಕೊಳ್ಳುತ್ತೇವೆ.

ಪೌಡರ್ ಹಾಕಿದರೂ ಕ್ಯೂ ಜಾರುತ್ತದೆ ನಿಜ. ಆದರೆ ಅದು ಟೇಬಲ್ ಬಟ್ಟೆ ಮೇಲೆಲ್ಲಾ ಬಿಳಿ ಕೈಗುರುತು ಬಿಡುತ್ತದೆ, ಬೆವರಿನ ಜೊತೆ ಸೇರಿದರೆ ಅದೇ ಅಂಟು. ನನಗಂತೂ ಪೌಡರ್ ಆಗಲ್ಲ.

ಗ್ಲೌಸ್ ಹಾಕಬೇಕಾದ್ದು ಬ್ರಿಡ್ಜ್ ಕೈಗೆ, ಅಂದರೆ ಬಲಗೈ ಆಟಗಾರರಾದರೆ ಎಡಗೈಗೆ. ಹಿಂದಿನ ಕೈಗೆ ಹಿಡಿತ ಬೇಕು, ಅಲ್ಲಿ ಜಾರಿಕೆ ಬೇಡ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಮುಚ್ಚುವ ಮೂರು ಬೆರಳಿನದ್ದು ಸಾಕು. ಬೆರಳ ಸಂದಿಯಲ್ಲಿ ಬಟ್ಟೆ ಸುಕ್ಕಾಗದಷ್ಟು ಬಿಗಿಯಾಗಿರಲಿ, ಸಡಿಲ ಗ್ಲೌಸಿಗಿಂತ ಬರಿಗೈಯೇ ವಾಸಿ. ಒಂದು ಆಟಕ್ಕೆ ಹಾಕಿ ಇನ್ನೊಂದಕ್ಕೆ ತೆಗೆಯಬೇಡಿ, ಕೆಲವು ದಿನ ಬಿಡದೆ ಹಾಕಿ ನೋಡಿ. ಮತ್ತೆ ಅದನ್ನೂ ಆಗಾಗ ಒಗೆಯಿರಪ್ಪಾ, ಚಾಕ್ ಮೆತ್ತಿಕೊಂಡ ಗ್ಲೌಸೂ ಕ್ಯೂ ಹಿಡಿದು ನಿಲ್ಲಿಸುತ್ತದೆ.