ನಾಯಿಮರಿಗೆ ಮನೆಯವರೆಲ್ಲರದೂ ಒಂದೇ ಮಾತಿರಲಿ

‘ಬಾ’, ‘ಕೂರು’, ‘ಬಿಡು’, ‘ಸಾಕು’ ಎಂಬ ನಾಲ್ಕು ಮಾತುಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅಜ್ಜಿಯಿಂದ ಮಕ್ಕಳವರೆಗೆ ಎಲ್ಲರೂ ಅವನ್ನೇ ಬಳಸಲಿ. ಮರಿ ಕೈಗೆ ಹಲ್ಲು ಹಾಕಿದ ಕೂಡಲೇ ‘ಸಾಕು’ ಎಂದು ಎದ್ದು, ಅರ್ಧ ನಿಮಿಷ ಬಾಗಿಲಾಚೆ ನಿಂತು, ಏನೂ ಆಗದವರಂತೆ ಮರಳಿ ಬನ್ನಿ. ಮರಿಗೆ ವಾಕ್ಯ ತಿಳಿಯುವುದಿಲ್ಲ, ಪರಿಚಿತ ಸದ್ದು ತಿಳಿಯುತ್ತದೆ. ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದೂ ಬೇಗ ತಿಳಿಯುತ್ತದೆ. ಒಬ್ಬರು ನಕ್ಕು ಮುದ್ದಿಸಿ ಇನ್ನೊಬ್ಬರು ಗದರಿದರೆ ಮಾತ್ರ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ. ಪೇಪರ್ ಸುತ್ತಿ ಹೊಡೆಯಬೇಕು, ಉಚ್ಚೆಗೆ ಮೂಗು ತಿಕ್ಕಬೇಕು ಎನ್ನುವ ಹಿರಿಯರ ಜೊತೆ ವಾದಕ್ಕಿಳಿಯಬೇಡಿ, ಆದರೆ ದಯವಿಟ್ಟು ಅದನ್ನು ಮಾಡಲು ಬಿಡಲೂಬೇಡಿ. ಹೊತ್ತು ಕಳೆದ ಮೇಲೆ ಕೊಟ್ಟ ಶಿಕ್ಷೆ ಯಾವುದಕ್ಕೆಂದು ಮರಿಗೆ ಅರ್ಥವಾಗುವುದಿಲ್ಲ. ಅದು ಕಲಿಯುವುದು ಸೋಫಾ ಹಿಂದೆ ಅಡಗಿ ಉಚ್ಚೆ ಹೊಯ್ಯುವುದನ್ನು. ನಿದ್ದೆ, ಊಟ, ಆಟ ಮುಗಿದ ತಕ್ಷಣ ಹೊರಗೆ ಕರೆದೊಯ್ದು, ಅಲ್ಲಿ ಮುಗಿಸಿದ ಕ್ಷಣವೇ ಬೇಯಿಸಿದ ಮೊಟ್ಟೆಯ ಚೂರು ಕೊಡುವ ಕೆಲಸವನ್ನು ಆ ಹಿರಿಯರಿಗೇ ವಹಿಸಿ. ನಿದ್ದೆಗೆಟ್ಟ ಮರಿಯ ಮೇಲೆ ‘ಸಾಕು’ ನಡೆಯುವುದಿಲ್ಲ, ಮಲಗಿಸಿಬಿಡಿ. ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗಲೂ ಅಷ್ಟೇ: ಒದ್ದೆ ಬಟ್ಟೆ ಗಂಟು ಹಾಕಿ, ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ನಿಮ್ಮ ಕಣ್ಣೆದುರೇ ಅಗಿಯಲು ಕೊಡಿ. ಊಟದ ತಟ್ಟೆ ಮುಟ್ಟಿದರೆ ಮೈ ಸೆಟೆಸಿ ಗುರುಗುಟ್ಟುವ ಮರಿಗೆ ಮಾತ್ರ ‘ಸಾಕು’ ಎಂದು ಎದ್ದುಹೋಗುವ ಈ ಉಪಾಯವನ್ನು ಪ್ರಯೋಗಿಸಬೇಡಿ. ಗದರದೆ ಹಿಂದೆ ಸರಿದು, ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ.