ಶಿವರಾತ್ರಿಯಿಂದ ವೈಶಾಖದವರೆಗೆ ನಮ್ಮನೆ ಅಡುಗೆ

ಶಿವರಾತ್ರಿ ಕಳೆಯಿತು ಅಂದ್ರೆ ನನಗೆ ಗಂಟಲಲ್ಲಿ ಕಫ ಶುರುವಾಗುತ್ತಿತ್ತು. ಬೆಳಗ್ಗೆ ತಲೆ ಭಾರ, ತಿಂಡಿ ಬೇಡ ಅನ್ನಿಸುವುದು. ದಾವಣಗೆರೆಯಲ್ಲಿ ಅಷ್ಟೊತ್ತಿಗೆ ಬಿಸಿಲು ಚುರುಗುಟ್ಟುತ್ತಿರುತ್ತದೆ. ಚಳಿ ಹೋದಮೇಲೆ ಇದೆಂಥ ನೆಗಡಿ ಅಂತ ಅರ್ಥವೇ ಆಗುತ್ತಿರಲಿಲ್ಲ. ಆಯುರ್ವೇದದ ಋತುಚರ್ಯೆ, ಅಂದ್ರೆ ಆಯಾ ಋತುವಿಗೆ ತಕ್ಕ ಊಟ-ದಿನಚರಿಯ ಕ್ರಮ, ಓದಿದಾಗ ತಿಳಿಯಿತು. ಚಳಿಗಾಲದಲ್ಲಿ ಮೈಯಲ್ಲಿ ಸೇರಿಕೊಂಡ ಕಫ ವಸಂತದ ಬಿಸಿಲಿಗೆ ಕರಗುತ್ತದೆ, ಹಸಿವನ್ನು ಮಂದ ಮಾಡುತ್ತದೆ. ಅದಕ್ಕೇ ಈ ಕಾಲಕ್ಕೆ ಕಹಿ, ಖಾರ, ಒಗರು ಜಾಸ್ತಿ ಇರಬೇಕು. ಸಿಹಿ, ಹುಳಿ, ಜಿಡ್ಡು, ತಂಪು ಕಡಿಮೆ ಆಗಬೇಕು.

ಮೊದಲ ವರ್ಷ ನಾನು ಅವಸರ ಮಾಡಿದೆ. ಒಂದೇ ದಿನ ಮೊಸರು, ಬೆಣ್ಣೆ ಎಲ್ಲಾ ಬಿಟ್ಟೆ. ಎರಡು ಹೊತ್ತೂ ಸಾಮೆ ಅನ್ನ, ಹುರಳಿ ಸಾರು. ಹತ್ತು ದಿನದೊಳಗೆ ಹೊಟ್ಟೆ ಉಬ್ಬರ, ಮಲಬದ್ಧತೆ. ಸಾಮೆಯಂಥ ಸಣ್ಣ ಧಾನ್ಯಗಳು ಹಗುರ, ಕಫ ಇಳಿಸುತ್ತವೆ, ನಿಜ. ಆದರೆ ವಾಯು ಹೆಚ್ಚಿಸುತ್ತವೆ ಅಂತಲೂ ಅಲ್ಲೇ ಬರೆದಿತ್ತು. ನಾನು ಆ ಅರ್ಧ ಓದಿರಲಿಲ್ಲ.

ಮರುವರ್ಷ ನಿಧಾನ ಮಾಡಿದೆ. ಒಂದು ಋತುವಿನ ಕೊನೆಯ 7 ದಿನ, ಮುಂದಿನದರ ಮೊದಲ 7 ದಿನ, ಇದಕ್ಕೆ ಋತುಸಂಧಿ ಅಂತಾರೆ. ಆ 14 ದಿನಗಳಲ್ಲಿ ಹಳೆಯ ರೂಢಿಯನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು, ಹೊಸದನ್ನು ಹಾಗೇ ಹಿಡಿಯಬೇಕು. ಮೊದಲು ರಾತ್ರಿಯ ಮೊಸರನ್ನ ಬಿಟ್ಟೆ. ಆಮೇಲೆ ಮಧ್ಯಾಹ್ನದ ಮೊಸರಿನ ಬದಲು ತೆಳ್ಳನೆ ಮಜ್ಜಿಗೆ. ಬಿಸಿಲಿಗೆ ಮೊಸರು ತಂಪು ಅಂತ ನಾವೆಲ್ಲ ಬಟ್ಟಲು ತುಂಬ ಹಾಕಿಕೊಳ್ಳುತ್ತೇವೆ ಅಲ್ವಾ? ಆಯುರ್ವೇದ ವಸಂತದಲ್ಲೂ ಬೇಸಿಗೆಯಲ್ಲೂ ಮೊಸರು ಬೇಡ ಅನ್ನುತ್ತದೆ. ನನಗೆ ಅತಿ ಹೆಚ್ಚು ಗುಣ ಕಂಡಿದ್ದು ಇದರಲ್ಲೇ.

ಬೆಣ್ಣೆದೋಸೆ ಬಿಡುವುದು ನಮ್ಮೂರಲ್ಲಿ ಸುಲಭದ ಮಾತಲ್ಲ. ವಾರಕ್ಕೊಮ್ಮೆ ಇದ್ದದ್ದನ್ನು ತಿಂಗಳಿಗೊಮ್ಮೆ ಮಾಡಿಕೊಂಡೆ. ಸಂಜೆಗೆ ಮಂಡಕ್ಕಿ ಒಗ್ಗರಣೆ ಇತ್ತು, ಜೊತೆಗಿನ ಮಿರ್ಚಿ ಬಜ್ಜಿ ಬಿಟ್ಟೆ.

ಊಟಕ್ಕೆ ಜೋಳದ ರೊಟ್ಟಿ. ಹಿಂಗಾರಿ ಜೋಳ ಹೊಸದಾಗಿ ಮನೆಗೆ ಬರುವ ಕಾಲ ಅದು. ಆದರೆ ನಾನು ಹೋದ ವರ್ಷದ ಜೋಳವನ್ನೇ ಬೀಸಿಸುತ್ತೇನೆ. ವರ್ಷ ಕಳೆದ ಕಾಳು ಹಗುರ, ಹೊಸದು ಜಡ. ರೊಟ್ಟಿಯ ಜೊತೆ ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ಹಾಗಲಕಾಯಿ ಪಲ್ಯ. ಹಾಗಲಕಾಯಿಗೆ ಬೆಲ್ಲ ಸುರಿಯುವುದಿಲ್ಲ, ಕಹಿ ನಾಲಿಗೆಗೆ ಸಿಗಲೇಬೇಕು. ಹೆಸರುಬೇಳೆ ವಾರದಲ್ಲಿ ನಾಲ್ಕು ದಿನ. ಸಾಮೆ ಈಗ ವಾರಕ್ಕೆರಡು ಸಲ, ಮೇಲೊಂದು ಚಮಚ ತುಪ್ಪ.

ಬೆಳಗ್ಗೆ ಎರಡು ಲೋಟ ನೀರಿಗೆ ಹೆಬ್ಬೆರಳ ಉಗುರಿನಷ್ಟು ಶುಂಠಿ ಜಜ್ಜಿ ಹಾಕಿ ಕುದಿಸುತ್ತೇನೆ. ಜೇನು ಬೇಕಿದ್ದರೆ ನೀರು ಪೂರ್ತಿ ಆರಿದ ಮೇಲೆ. ಬಿಸಿನೀರಿಗೆ ಜೇನು ಹಾಕುವ ರೂಢಿ ಎಲ್ಲ ಕಡೆ ಇದೆ, ಆಯುರ್ವೇದದಲ್ಲಿ ಅದು ಕೂಡದು. ಮಧ್ಯಾಹ್ನದ ನಿದ್ದೆಯೂ ಕೂಡದು. ಅದು ಮಾತ್ರ ನನಗೆ ಬಹಳ ಕಷ್ಟವಾಯಿತು.

ಪಂಚಾಂಗದಲ್ಲಿ ಚೈತ್ರ-ವೈಶಾಖ ವಸಂತ. ನಮ್ಮೂರ ಬಿಸಿಲು ಅಲ್ಲಿಯವರೆಗೆ ತಡೆಯದೆ ಮೊದಲೇ ಬಂದುಬಿಡುತ್ತದೆ. ಯುಗಾದಿಗೆ ಬೇವು-ಬೆಲ್ಲ ತಿನ್ನುವ ಹೊತ್ತಿಗೆ ನನ್ನ ಕಫ ಇಳಿದಿತ್ತು, ಆದರೂ ಹುರಳಿ ಸಾರು ನಡೆದೇ ಇತ್ತು. ಅಂಗೈ ಉರಿ ಶುರುವಾಯಿತು. ಅತ್ತೆ ನೋಡಿ, "ಅಲ್ಲಮ್ಮ, ಇಂಥ ಬಿಸಿಲಲ್ಲಿ ದಿನಾ ಹುರಳಿ ತಿಂತಾರಾ? ಅದು ಉಷ್ಣ ಅಲ್ವಾ?" ಅಂದರು. ಅವರು ಹೇಳಿದ್ದು ಸರಿಯಿತ್ತು. ಹುರಳಿ ಕಫಕ್ಕೆ ಒಳ್ಳೆಯದು, ಪಿತ್ತಕ್ಕೆ ಅಲ್ಲ. ಆಗಿನಿಂದ ನಮ್ಮನೆಯಲ್ಲಿ ಹುರಳಿ ಶಿವರಾತ್ರಿಯಿಂದ ಯುಗಾದಿವರೆಗೆ ಮಾತ್ರ. ಆಮೇಲೆ ಹೆಸರುಬೇಳೆ ಕಟ್ಟಿನ ಸಾರು, ಶುಂಠಿ ನೀರಿನ ಬದಲು ಕುದಿಸಿ ಆರಿಸಿದ ಜೀರಿಗೆ ನೀರು. ರಾಮನವಮಿಯ ಕೋಸಂಬರಿ ಬಂತೆಂದರೆ ಹುರಳಿ ಡಬ್ಬಿ ಮೇಲಿನ ಅಟ್ಟಕ್ಕೆ.