ಹೆಂಡತಿಗೆ ಹುಷಾರಿಲ್ಲ, ಕಾಯಿಲೆಗೆ ಹೆಸರಿಲ್ಲ: ಏನು ಮಾಡಬೇಕು?

ಉಸಿರಾಡೋಕೆ ಕಷ್ಟ, ಎದೆನೋವು, ಫಿಟ್ಸ್, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು. ಇವುಗಳಲ್ಲಿ ಒಂದಿದ್ದರೂ ಇದನ್ನು ಓದುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೋಗಿ. ನಾನು ಬರೆಯುತ್ತಿರುವುದು ವಾರಗಟ್ಟಲೆ ಎಳೆಯುವ ಕಾಯಿಲೆಯ ಬಗ್ಗೆ. ವಯಸ್ಸು ಚಿಕ್ಕದು, ಒಬ್ಬ ಡಾಕ್ಟರ್ ವೈರಲ್ ಅಂತಾರೆ, ಇನ್ನೊಬ್ಬರು ಟೆನ್ಷನ್ ಅಂತಾರೆ, ಮತ್ತೊಬ್ಬರು ಇನ್ನಷ್ಟು ಟೆಸ್ಟ್ ಬರೆದುಕೊಡುತ್ತಾರೆ.

ನನ್ನ ಹೆಂಡತಿಯ ಕಥೆಯೂ ಅದೇ. ಸಂಜೆಯಾದರೆ ಜ್ವರ 39 ಡಿಗ್ರಿ ಸೆಲ್ಸಿಯಸ್ (ಸುಮಾರು 102 ಫ್ಯಾರನ್‌ಹೀಟ್) ದಾಟುತ್ತಿತ್ತು. ಬೆಳಿಗ್ಗೆ ಮೈ ತಣ್ಣಗೆ. ಡಾಕ್ಟರ್ ಅವಳನ್ನು ನೋಡುತ್ತಿದ್ದದ್ದು ಬೆಳಿಗ್ಗೆ. ಕೀಲು ನೋವು ಅಂದರೆ ಊತ ಇಲ್ಲವಲ್ಲ ಅನ್ನುತ್ತಿದ್ದರು. ಅವರದೂ ತಪ್ಪಲ್ಲ, ಅವರ ಎದುರು ಕಾಯಿಲೆ ಬರುತ್ತಲೇ ಇರಲಿಲ್ಲ. ಕಾಯಿಲೆ ಬರುವ ಹೊತ್ತಿಗೆ ಪಕ್ಕದಲ್ಲಿ ಇದ್ದವನು ನಾನು. ಹಾಗಾಗಿ ಗಂಡನೋ ಹೆಂಡತಿಯೋ ಮಾಡಬಹುದಾದ ದೊಡ್ಡ ಕೆಲಸ, ಡಾಕ್ಟರ್ ಕಣ್ಣಿಗೆ ಬೀಳದ್ದನ್ನು ಅವರ ಟೇಬಲ್ ಮೇಲೆ ತಂದಿಡುವುದು.

ಒಂದೇ ಒಂದು ಹಾಳೆ ಮಾಡಿ. ಮೇಲೆ ವಯಸ್ಸು, ಹಳೆಯ ಕಾಯಿಲೆ, ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಮನೆಯವರಿಗೆ ಇರುವ ಕಾಯಿಲೆಗಳು. ಕೆಳಗೆ ತಾರೀಖಿನ ಪ್ರಕಾರ ಏನೇನಾಯಿತು. ಮೊಟ್ಟಮೊದಲು ಆಗಿದ್ದನ್ನು ಮರೆಯಬೇಡಿ, ಅದು ಎಷ್ಟೇ ಸಣ್ಣದಿರಲಿ. ನಮ್ಮ ಹಾಳೆಯ ಮೊದಲ ಸಾಲು "ಗಂಟಲು ನೋವು, ಆಂಟಿಬಯಾಟಿಕ್‌ಗೆ ಕಡಿಮೆ ಆಗಲಿಲ್ಲ" ಅಂತ. ಇದು ಎಷ್ಟು ಮುಖ್ಯ ಅನ್ನುವುದು ಆಮೇಲೆ ಗೊತ್ತಾಯಿತು. "ತುಂಬಾ ಜ್ವರ" ಅಂತ ಬರೆಯಬೇಡಿ. ಎಷ್ಟು ಡಿಗ್ರಿ, ಎಷ್ಟು ಗಂಟೆಗೆ, ಪ್ಯಾರಾಸಿಟಮಾಲ್ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು ಅಂತ ಬರೆಯಿರಿ. ಅಂಕಿಗೆ ಬೆಲೆ ಇದೆ. 38.3 ಡಿಗ್ರಿ (ಸುಮಾರು 101 ಫ್ಯಾರನ್‌ಹೀಟ್) ದಾಟುವ ಜ್ವರ ಮೂರು ವಾರಕ್ಕಿಂತ ಜಾಸ್ತಿ ಬಂದುಹೋಗಿ ಮಾಡುತ್ತಾ, ಕಾರಣ ಸಿಗದಿದ್ದರೆ, ವೈದ್ಯರು ಅದನ್ನು ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ಈ ಅಳತೆ 1961ರಿಂದ ಇದೆ.

ವಿಟಮಿನ್ ಮಾತ್ರೆ, ಗಿಡಮೂಲಿಕೆ, ಪೌಡರ್ ಎಲ್ಲವನ್ನೂ ಸೇರಿಸಿ. ಕೂದಲಿಗೆ ಅಂತ ತೆಗೆದುಕೊಳ್ಳುವ ಬಯೋಟಿನ್ ಕೂಡ ಥೈರಾಯ್ಡ್ ಥರದ ಕೆಲವು ಟೆಸ್ಟ್‌ಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು.

ಫೋಟೋ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಜ್ವರ ಏರಿದಾಗ ಅವಳ ಹೊಟ್ಟೆ, ತೋಳು, ತೊಡೆಯ ಮೇಲೆ ಕಿತ್ತಳೆ ಬೆರೆತ ಗುಲಾಬಿ ಬಣ್ಣದ ಕಲೆ ಏಳುತ್ತಿತ್ತು. ತುರಿಕೆ ಇಲ್ಲ. ಜ್ವರ ಇಳಿದರೆ ಅದೂ ಮಾಯ. ಬಲ್ಬಿನ ಹಳದಿ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಏನೂ ಕಾಣಿಸಲಿಲ್ಲ. ಫ್ಲಾಶ್ ಹಾಕಿದರೆ ಚರ್ಮವೆಲ್ಲ ಬಿಳಿಚಿಕೊಂಡಿತು. ಟ್ಯೂಬ್‌ಲೈಟ್ ಕೆಳಗೆ, ಫ್ಲಾಶ್ ಇಲ್ಲದೆ, ಒಂದು ದೂರದಿಂದ, ಒಂದು ಹತ್ತಿರದಿಂದ, ಪಕ್ಕದಲ್ಲೇ ಥರ್ಮಾಮೀಟರ್ ಹಿಡಿದು ತೆಗೆದಾಗ ಸರಿಯಾಗಿ ಬಂತು. ಮೈಬಣ್ಣ ಕಪ್ಪಿದ್ದರೆ ಇಂಥ ಕಲೆ ಇನ್ನೂ ಮಸುಕಾಗಿರುತ್ತದೆ, ತಾಳ್ಮೆ ಬೇಕು. ನಡಿಗೆ ತಪ್ಪುವುದು, ಕೈ ನಡುಗುವುದು, ಫಿಟ್ಸ್ ಥರ ಆಗುವುದು ಇದ್ದರೆ ವಿಡಿಯೋ ಮಾಡಿ, ಆದರೆ ಫಿಟ್ಸ್ ಆದರೆ ಮೊದಲೇ ಹೇಳಿದಂತೆ ಎಮರ್ಜೆನ್ಸಿಗೆ ಹೋಗುವುದೇ ಮುಖ್ಯ. ಫೋಟೋ, ವಿಡಿಯೋ ಯಾವುದನ್ನೇ ಆಗಲಿ ಕಾಯಿಲೆ ಇರುವವರನ್ನು ಕೇಳಿಯೇ ತೋರಿಸಿ. ಅದು ಅವರ ಮೈ, ಅಲ್ವಾ?

ಆ ಫೋಟೋ ನೋಡಿದ ರುಮಟಾಲಜಿಸ್ಟ್ (ಕೀಲು, ಉರಿಯೂತದ ಕಾಯಿಲೆಗಳ ಡಾಕ್ಟರ್) ಕೇಳಿದ ಮೊದಲ ಪ್ರಶ್ನೆ: "ಶುರುವಿನಲ್ಲಿ ಗಂಟಲು ನೋವಿತ್ತಾ?" ಹಾಳೆ ಮುಂದಿಟ್ಟೆ. ಫೆರಿಟಿನ್ (ಮೈಯಲ್ಲಿ ಕಬ್ಬಿಣ ಕೂಡಿಟ್ಟುಕೊಳ್ಳುವ ಪ್ರೋಟೀನ್, ಉರಿಯೂತ ಇದ್ದಾಗ ಏರುತ್ತದೆ) ಟೆಸ್ಟ್ ಮಾಡಿಸಿದರು. ಕೆಲವು ನೂರರೊಳಗೆ ಇರಬೇಕಾದ ಅಂಕಿ ಸಾವಿರಗಳಲ್ಲಿ ಬಂತು. ದೊಡ್ಡವರಲ್ಲಿ ಬರುವ ಸ್ಟಿಲ್ಸ್ ಕಾಯಿಲೆ (ಜ್ವರ, ಕಲೆ, ಕೀಲು ನೋವು ತರುವ ಅಪರೂಪದ ಉರಿಯೂತದ ಕಾಯಿಲೆ) ಇರಬಹುದು ಅಂದರು. ಬ್ರಿಟಿಷ್ ವೈದ್ಯ ಎರಿಕ್ ಬೈವಾಟರ್ಸ್ 1971ರಲ್ಲಿ ವಿವರಿಸಿದ ಕಾಯಿಲೆ ಇದು, ಜಾಸ್ತಿ ಬರುವುದು ಚಿಕ್ಕ ವಯಸ್ಸಿನವರಿಗೇ. ಆದರೆ ಇದನ್ನು ಖಚಿತ ಮಾಡುವ ಒಂದೇ ಟೆಸ್ಟ್ ಅಂತ ಇಲ್ಲ. ಫೆರಿಟಿನ್ ಬೇರೆ ಕಾರಣಕ್ಕೂ ಏರುತ್ತದೆ. ಸೋಂಕು ಅಲ್ಲ, ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಅಲ್ಲ ಅಂತ ತೋರಿಸಿಕೊಂಡೇ ಈ ಹೆಸರಿಗೆ ಬರಬೇಕು.

ಇಲ್ಲೇ ಒಂದು ಎಚ್ಚರ. ಸುಮ್ನೆ ಒಂದು ವಾರ ಸ್ಟೀರಾಯ್ಡ್ ಕೊಟ್ಟು ನೋಡೋಣ ಅಂತ ಯಾರಾದರೂ ಅಂದರೆ, "ಬಯಾಪ್ಸಿ (ಮೈಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು), ಟಿಬಿ ಟೆಸ್ಟ್ ಏನಾದರೂ ಇದಕ್ಕೆ ಮೊದಲೇ ಆಗಬೇಕಾ?" ಅಂತ ಕೇಳಿ. ಸ್ಟೀರಾಯ್ಡ್ ಲಿಂಫೋಮಾವನ್ನು ಮರೆಮಾಡಬಹುದು, ಟಿಬಿ ಇದ್ದರೆ ಕೆರಳಿಸಬಹುದು. ಜೀವಕ್ಕೆ ಅಪಾಯ ಇದ್ದಾಗ ಕಾಯಲು ಆಗುವುದಿಲ್ಲ, ಅದು ಬೇರೆ. ಶುರು ಮಾಡಿದ ಮೇಲಂತೂ ನೀವಾಗಿಯೇ ನಿಲ್ಲಿಸಬೇಡಿ.

ಟೆಸ್ಟ್ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ನನಗಿಲ್ಲ. ಎಎನ್‌ಎ ಟೆಸ್ಟನ್ನೇ ತೆಗೆದುಕೊಳ್ಳಿ, ಮೈ ತನ್ನದೇ ಜೀವಕೋಶಗಳ ವಿರುದ್ಧ ತಿರುಗಿದೆಯಾ ಅಂತ ನೋಡುವ ರಕ್ತ ಪರೀಕ್ಷೆ ಇದು. 1:80 ಮಟ್ಟದಲ್ಲಿ (ರಕ್ತದ ಸೀರಂ ಅನ್ನು 80 ಪಟ್ಟು ತೆಳುಮಾಡಿ ನೋಡಿದಾಗ) ಆರೋಗ್ಯವಾಗಿರುವ ನೂರು ಜನರಲ್ಲಿ ಸುಮಾರು 13 ಮಂದಿಗೆ ಪಾಸಿಟಿವ್ ಬರುತ್ತದೆ. ಲಕ್ಷಣ ಹೊಂದದಿದ್ದರೆ ಆ ಪಾಸಿಟಿವ್ ಹಿಡಿದುಕೊಂಡು ಓಡಾಡುವುದರಲ್ಲಿ ಅರ್ಥ ಇಲ್ಲ. ಪ್ರತಿ ಟೆಸ್ಟ್‌ಗೂ ಮೊದಲು "ಇದರಲ್ಲಿ ಏನು ಬಂದರೆ ನಾವು ಮುಂದೆ ಬೇರೆ ಏನು ಮಾಡುತ್ತೇವೆ?" ಅಂತ ಕೇಳಿ. ಗರ್ಭಿಣಿ ಆಗಿರುವ ಸಾಧ್ಯತೆ ಇದ್ದರೆ ಎಕ್ಸ್‌ರೇ, ಸಿಟಿಗೆ ಮೊದಲು ಹೇಳಿಬಿಡಿ. ಸ್ಕ್ಯಾನ್ ರಿಪೋರ್ಟ್ ಜೊತೆ ಚಿತ್ರಗಳ ಸಿಡಿಯನ್ನೂ ಇಟ್ಟುಕೊಳ್ಳಿ. ಬಯಾಪ್ಸಿ ಆಗಿದ್ದರೆ ಆ ಚೂರು ಇರುವ ಗಾಜಿನ ಸ್ಲೈಡ್‌ಗಳನ್ನೂ ಕೇಳಿ ಪಡೆಯಬಹುದು. ಇನ್ನೊಬ್ಬ ಪರಿಣಿತರು ಅದೇ ಸ್ಲೈಡ್ ನೋಡಿ ಬೇರೆ ಮಾತು ಹೇಳಿದ್ದುಂಟು.

ಎಲ್ಲ ಸ್ಪೆಷಲಿಸ್ಟ್‌ಗಳ ಮಾತನ್ನು ಒಟ್ಟಿಗೆ ಇಟ್ಟು ನೋಡುವ ಒಬ್ಬ ಫಿಸಿಷಿಯನ್ ಇರಲೇಬೇಕು. ಇಲ್ಲದಿದ್ದರೆ ಮೂಳೆಯವರು ಮೂಳೆ ನೋಡುತ್ತಾರೆ, ಚರ್ಮದವರು ಚರ್ಮ ನೋಡುತ್ತಾರೆ, ಜ್ವರ ಯಾರದ್ದೂ ಅಲ್ಲ.

"ಟೆನ್ಷನ್" ಅಂದಾಗ ಜಗಳಕ್ಕೆ ಹೋಗಬೇಡಿ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಅದನ್ನೂ ನೋಡಿಸಿ. ಜೊತೆಗೆ "ಟೆನ್ಷನ್ ಅಂತಲೇ ಇಟ್ಟುಕೊಳ್ಳೋಣ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಯಾಕೆ ಇಷ್ಟು ಏರಿದೆ? ತೂಕ ಯಾಕೆ ಇಳಿಯುತ್ತಿದೆ?" ಅಂತ ಮೆತ್ತಗೆ ಕೇಳಿ. "ಇದರಲ್ಲಿ ಯಾವುದು ಹೊಂದುತ್ತಿಲ್ಲ?" ಅನ್ನುವುದೂ ಒಳ್ಳೆಯ ಪ್ರಶ್ನೆ. ನನ್ನ ಅನುಭವದಲ್ಲಿ ಒಳ್ಳೆಯ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಡಾಕ್ಟರ್ ರೂಮಿನ ಒಳಗೆ ಹೋದ ಮೇಲೆ ಮೊದಲು ಕಾಯಿಲೆ ಇರುವವರೇ ಮಾತಾಡಲಿ. ನೋವು ಹೇಗಿದೆ ಅನ್ನೋದು ನಿಮಗಿಂತ ಅವರಿಗೇ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬನ್ನಿ. ಗರ್ಭಪಾತ, ಕುಡಿತ, ಹಳೆಯ ಸಂಬಂಧ, ಮನೆಯೊಳಗಿನ ಸಂಕಟ ಇವುಗಳ ಬಗ್ಗೆ ಗಂಡನ ಎದುರೋ ಹೆಂಡತಿಯ ಎದುರೋ ಹೇಳಲಾಗದೆ ಉಳಿಯುವ ಉತ್ತರಗಳಿರುತ್ತವೆ. ಡಾಕ್ಟರ್‌ಗೆ ಬೇಕಾಗಿದ್ದು ಅದೇ ಇರಬಹುದು. ಹೊರಗೆ ಬಂದ ಮೇಲೆ ಏನು ಕೇಳಿದರು ಅಂತ ವಿಚಾರಣೆ ಮಾಡಬೇಡಿ.

ಎಲ್ಲ ಮಾಡಿದರೂ ಹೆಸರು ಸಿಗದೇ ಇರಬಹುದು. ಕಾರಣ ಸಿಗದ ಜ್ವರಗಳಲ್ಲಿ ಎಷ್ಟೋ ತಾವಾಗಿಯೇ ಇಳಿದುಹೋಗುತ್ತವೆ. ಆಗಲೂ ಫೈಲ್ ಮುಚ್ಚಿಡಬೇಡಿ. ಮುಂದಿನ ತಾರೀಖು ಯಾವುದು, ಯಾವ ಟೆಸ್ಟ್ ಮತ್ತೆ ಮಾಡಬೇಕು, ಏನು ಕಂಡರೆ ಆ ತಾರೀಖಿಗೂ ಕಾಯದೆ ಬರಬೇಕು, ಈ ಮೂರನ್ನೂ ಡಾಕ್ಟರ್ ಕೈಯಲ್ಲೇ ಬರೆಸಿಕೊಂಡು ಏಳಿ.